ಮೂರು, ಆದರೆ ಮೂರು ಏನು?

ಮೊದಲು ಲಂಬಾಕ್ಷವನ್ನು ತಲೆಕೆಳಗು ಮಾಡಿದೆ.
ಮಂಜುಗಡ್ಡೆ ಬೆಳೆಯುವುದು ಕೆಳಕ್ಕೆ ತಾನೆ,
ನೀರಿನ ಕಡೆಗೆ, ಕತ್ತಲ ಕಡೆಗೆ;
ಸೊನ್ನೆ ಮೇಲಿರಲಿ, ಗಾಳಿ ತಾಗುವಲ್ಲಿ.

ಆಮೇಲೆ ಗೀಟುಗಳು. ಹತ್ತಕ್ಕೊಂದು ಉದ್ದ, ನಡುವೆ ಗಿಡ್ಡ ನಾಲ್ಕು.
ಬುಡದಲ್ಲಿ ನವೆಂಬರಿನಿಂದ ಏಪ್ರಿಲ್ಲಿನವರೆಗೆ ತಿಂಗಳುಗಳು,
ಒಂದರ ಮೈಮೇಲೊಂದು ಬೀಳದ ಹಾಗೆ
ಓರೆಯಾಗಿ ನಿಲ್ಲಿಸಿದೆ.

ಎಡಕ್ಕೆ ಸೆಂಟಿಮೀಟರು. ಬಲಕ್ಕೆ ವೆರ್ಶೊಕ್,
ರಷ್ಯದ ದೊರೆಗಳ ಕಾಲದ ಅಳತೆ,
ಬೆಂಕಿಪೆಟ್ಟಿಗೆಗಿಂತ ತುಸು ಗಿಡ್ಡ.
ಒಂದೇ ಮಂಜಿಗೆ ಎರಡು ಏಣಿ;
ಸೊನ್ನೆಯೊಂದನ್ನು ಬಿಟ್ಟರೆ
ಮೆಟ್ಟಿಲಿಗೆ ಮೆಟ್ಟಿಲು ಕೂಡದು.

ಹೀಯುಮಾ ದ್ವೀಪದ ದೀಪಸ್ತಂಭ ಕಾಯುತ್ತಿದ್ದ ಪ್ರೀದಿಕ್
ಐದು ದಿನಕ್ಕೊಮ್ಮೆ ಕಡಲಿಗೆ ತೂತು ಕೊರೆದು ಬರೆದಿಟ್ಟದ್ದು ಇದು.
ಹತ್ತೊಂಬತ್ತು ಚಳಿಗಾಲ, ಒಂದೇ ಕೈಬರಹ,
ಅಂಕಿಯ ಮಗ್ಗುಲಲ್ಲಿ ಅದೇ ಪುಟ್ಟ ಅಕ್ಷರ,
ಒಂದು ಸಾಲಿನ ಹೊರತು.

೧೯೧೩, ಫೆಬ್ರವರಿ.
ಹಿಂದಿನ ಸಾಲು ಹತ್ತು, ಮುಂದಿನದು ಹನ್ನೆರಡು,
ನಡುವೆ ಬೇರೆ ಯಾರದೋ ದುಂಡು ಪೆನ್ಸಿಲ್ಲು:
ಮೂರು.
ಅಷ್ಟೇ. ಏಕಮಾನವಿಲ್ಲ.
ಮಾನವಿಲ್ಲದ ಅಂಕಿಯನ್ನು
ಕಂಪ್ಯೂಟರು ತಾನೇ ವೆರ್ಶೊಕ್ ಅಂದುಕೊಂಡಿತು;
ಗೆರೆ ಸರ್ರನೆ ಮೇಲೆದ್ದು, ಉಸಿರಿಗೆ ಬಂದ ಸೀಲಿನಂತೆ
ತಲೆ ತೋರಿಸಿ ಮತ್ತೆ ಮುಳುಗಿತು.

"ತಪ್ಪು, ಅಳಿಸು," ಅಂದಳು ಕೈಸಾ,
"ಮೈನಸ್ ಇಪ್ಪತ್ತೊಂದರಲ್ಲಿ ಮಂಜು ಕರಗುವುದುಂಟೆ?"
ಅಳಿಸುವುದು ಒಂದೇ ಒಂದು ಕ್ಲಿಕ್ಕು.
ಕೈ ಏಳಲಿಲ್ಲ.

ಅಕ್ಷದ ಮೇಲೆ ನಾವು ಬರೆಯುವುದು ಹೀಗೆ:
ದಪ್ಪ, ಒಂದು ಓರೆಗೆರೆ, ಸೆಂಟಿಮೀಟರು.
ಆ ಓರೆಗೆರೆ ಭಾಗಾಕಾರ.
ಕಡಲಿನ ಮಂಜನ್ನು ಮಾನದಿಂದ ಭಾಗಿಸಿ
ಉಳಿದ ಒಣ ಅಂಕಿಯಷ್ಟೇ ಗೀಟಿನ ಮೇಲೆ ಕೂರುವುದು.
ಹಾಗಾದರೆ ಈ ಮೂರನ್ನೂ
ಯಾರೋ ಭಾಗಿಸಿಯೇ ಇಟ್ಟಿದ್ದಾರೆ.
ಯಾವುದರಿಂದ?

ತಾರ್ತುವಿನಿಂದ ಬಸ್ಸು, ಆಮೇಲೆ ದೋಣಿ.
ಎಂಬತ್ತಾರರ ಹೆಲ್ಮಿ ಪುಟವನ್ನು ಕಿಟಕಿಗೆ ಹಿಡಿದು ನಕ್ಕಳು.
"ನಮ್ಮಜ್ಜಿ ಲೀಸು ಬರೆದದ್ದು. ಆ ವಾರ ಅಜ್ಜನಿಗೆ ಎದೆ ಕಟ್ಟಿತ್ತಂತೆ.
ಅಜ್ಜಿಗೆ ಅಂಕಿ ಬರುತ್ತಿತ್ತು, ವೆರ್ಶೊಕ್ ಬರುತ್ತಿರಲಿಲ್ಲ.
ಸ್ವೆಟರಿನ ತೋಳು, ಮೀನಿನ ಬಲೆ, ಹೆಣದ ಪೆಟ್ಟಿಗೆ,
ಎಲ್ಲಾ ಗೇಣಿನಲ್ಲೇ."

ತೂತಿನೊಳಗೆ ಇಳಿಬಿಟ್ಟ ಕೋಲು,
ಒದ್ದೆ ಗುರುತಿನ ತನಕ ಒಂದು, ಎರಡು, ಮೂರು
ಸರಿದ ಬರಿಗೈ;
ಆ ಚಳಿಯಲ್ಲಿ ಕೈಗವಸು ಕಳಚಿರಲೇಬೇಕು.

ಕೈಗವಸು ಇನ್ನೂ ಇತ್ತು, ಡ್ರಾಯರಿನ ತಳದಲ್ಲಿ.
ಮೇಜಿನ ಮೇಲೆ ಬಿಡಿಸಿ, ಹೆಬ್ಬೆರಳನ್ನು ಆಚೆ ಸರಿಸಿ
ಸ್ಕೇಲು ಇಟ್ಟೆ. ಹದಿನೇಳು.
ಹೆಬ್ಬೆರಳ ತುದಿಯನ್ನು ನುಸಿ ತಿಂದಿದೆ,
ಅದಕ್ಕೇ ಹೆಚ್ಚುಕಡಿಮೆ ಒಂದು.
ಮೂರು ಗೇಣು, ಐವತ್ತೊಂದು.
ಸೀಲು ತಲೆ ತಗ್ಗಿಸಿ
ಹತ್ತು ಹನ್ನೆರಡರ ನಡುವೆ ಹೋಗಿ ಮಲಗಿತು.

ಆ ಒಂದು ಚುಕ್ಕೆಯನ್ನು ಟೊಳ್ಳಾಗಿ ಬಿಟ್ಟಿದ್ದೇನೆ;
ಮೇಲೆ ಮೂರು, ಕೆಳಗೆ ಮೂರು
ಸಂಶಯದ ಕಡ್ಡಿ.
ನುಸಿ ತಿಂದಷ್ಟು.

ಹೊರಟಾಗ ಹೆಲ್ಮಿ ಬಾಗಿಲ ಬಳಿ ಕೇಳಿದಳು:
"ಈ ವರ್ಷ ಎಷ್ಟು ಕಟ್ಟಿತು?"
ಹಿಂದೆ ಕಡಲು ಫೆಬ್ರವರಿಯಲ್ಲೂ ಬುಳುಬುಳು ಅನ್ನುತ್ತಿತ್ತು.
ಸೊನ್ನೆ, ಅಂದೆ.

ಸೊನ್ನೆ ಏನು, ಎಂದು
ಅವಳು ಕೇಳಲಿಲ್ಲ.