ತಕ್ಕಡಿ ಮತ್ತು ಚೀಲ

ಬರ್ನೋ ಊರಿನ ಕೊನೆಯ ಟ್ರಾಮ್
ಕಿಟಕಿ ಗಾಜು ನಡುಗಿಸಿ ಹೋಯಿತು.
ತಣ್ಣಗಾದ ಸೂಪಿನ ಮುಂದೆ ವ್ಲಾಸ್ತಾ ಹ್ರುಬೆಶೋವಾ
ಒಂದೇ ಸಾಲನ್ನು ದಿಟ್ಟಿಸುತ್ತಾ ಕೂತಿದ್ದಾಳೆ.

ಅತಿಥಿ ಎಂದೇ ಅದರ ಹೆಸರು,
ಯಂತ್ರದೊಳಗೆ ಬಾಡಿಗೆಗಿರುವ ಯಾರದೋ ಯಂತ್ರ.
ಇಬ್ಬರ ಕೈಗೂ ಎಟುಕುವ ಪುಟದಲ್ಲಿ ಚೀಟಿ ಇಡುತ್ತದೆ:
ಇಂಥ ಸೆಕ್ಟರಿನಿಂದ, ಇಷ್ಟು ತುಂಡು, ಓದಿ ಕೊಡು.
ಹನ್ನೊಂದು ಮೀರಿಲ್ಲ ತಾನೆ? ಡ್ರೈವರ್ ನೋಡಿತು. ಮೀರಿಲ್ಲ.
ಮತ್ತೆ ಕಣ್ಣು ಹಾಯಿಸುವಷ್ಟರಲ್ಲಿ
ಹನ್ನೊಂದು ಇನ್ನೂರಾಗಿತ್ತು.

ತರಕಾರಿ ಸಂತೆಯ ಯಾರ್ಮಿಲಾ ನೆನಪಾದಳು.
ತಕ್ಕಡಿಯಲ್ಲಿ ಗಟ್ಟಿ ಆಲೂಗಡ್ಡೆ,
ಅಪ್ಪ ಚಿಲ್ಲರೆ ತಡಕುವಾಗ ಚೀಲಕ್ಕೆ ಕೊಳೆತದ್ದು.
ಆಮೇಲಿಂದ ಅಪ್ಪ
ಮೊದಲು ತನ್ನ ಚೀಲಕ್ಕೆ ತುಂಬಿಸಿಕೊಂಡು
ಚೀಲವನ್ನೇ ತಕ್ಕಡಿಗೆ ಏರಿಸುತ್ತಿದ್ದ,
ಹಿಡಿ ಬಿಡದೆ.

ಅವಳು ಬರೆದದ್ದೂ ಇಷ್ಟೇ:
ಚೀಟಿಯನ್ನು ನಮ್ಮ ಕಡೆ ನಕಲು ಮಾಡು,
ನಕಲನ್ನು ಪರೀಕ್ಷಿಸು,
ಅತ್ತ ಮತ್ತೆ ತಿರುಗಬೇಡ.

ಕೂಡಿದರೆ ಸುತ್ತು ಹೊಡೆದು ಸೊನ್ನೆಗೆ ಬೀಳುವ
ಸಂಖ್ಯೆಯೊಂದು ಇನ್ನೂ ಬಾಕಿ. ನಾಳೆ.
ಸೂಪು ಬಿಸಿಗಿಟ್ಟಳು. ರುಚಿ ನೋಡಿದಳು,
ಉಪ್ಪು ಸರಿಯಿತ್ತು.
ಸುಮ್ಮನೆ ಮತ್ತೊಮ್ಮೆ ನೋಡಿದಳು.