ಬಾಣವಿಲ್ಲದ ಅಕ್ಷರ

ವೂಚ್ ಊರಿನ ಟ್ರಾಮ್ ಡಿಪೋ ಎದುರು, ಮೂರನೇ ಮಹಡಿ.
ಬೊಗುಮಿವಾ ಪ್ರಸ್ತಾವ ಬರೆಯುತ್ತಿದ್ದಾಳೆ,
ಯಾರು ಬೇಕಾದರೂ ಇಟ್ಟಿಗೆ ಇಡಬಹುದಾದ
ಗಣಿತದ ಗ್ರಂಥಾಲಯಕ್ಕೆ ಇನ್ನೊಂದು ಕೋಣೆ ಬೇಕೆಂದು:
ಸ್ಥಿತಿಗಳು ಇಷ್ಟೇ, ಅಕ್ಷರಗಳು ಇಷ್ಟೇ,
ನಿಂತ ಜಾಗವೊಂದೇ ನೆನಪು.

ಉದಾಹರಣೆಗೆ ಕೆಳಗಿನ ಟಿಕೆಟ್ ಯಂತ್ರ.
ಎರಡು ನಾಣ್ಯ ನುಂಗಿದ್ದು ಅದಕ್ಕೆ ಗೊತ್ತು;
ಹಾಕಿದ ಕೈ ನಡುಗುತ್ತಿತ್ತೇ, ಗೊತ್ತಿಲ್ಲ.
ಈ ಸಾಲು ಬರೆದಳು, ಅಳಿಸಿದಳು.

ಮಾಂಟೆವಿಡಿಯೋದಿಂದ ಅಬೆಲಾರ್ದೋ ಕೇಳಿದ:
"ಎಲ್ಲ ಸರಿ. ಬಾಣವಿಲ್ಲದ ಅಕ್ಷರ ಬಂದರೆ
ಹೋಗುವುದೆಲ್ಲಿಗೆ?"

ಅದಕ್ಕೊಂದು ಗುಂಡಿ ಇದೆ.
ಬಿದ್ದರೆ ಮೇಲೇಳುವಂತಿಲ್ಲ,
ಹೊರಟ ಬಾಣವೆಲ್ಲ ಸುತ್ತಿಬಂದು ಅಲ್ಲಿಗೇ.
ಚಿತ್ರ ಚೆಂದ ಕಾಣಲೆಂದು
ಬಹಳ ಜನ ಅದನ್ನು ಬಿಡಿಸುವುದಿಲ್ಲ.

ಅಪ್ಪ ಮೂವತ್ತು ವರ್ಷ ನೂಲಿನ ಗಿರಣಿಯಲ್ಲಿದ್ದ.
ಗಿರಣಿ ಮುಚ್ಚಿದ ಮೇಲೂ ಐದಕ್ಕೇ ಎದ್ದು
ಬೂಟು ಹಾಕಿ, ಲೇಸು ಬಿಗಿದು,
ಅಡುಗೆಮನೆಯ ಕುರ್ಚಿಯಲ್ಲಿ ಕೂರುತ್ತಿದ್ದ.

ಡಿಪೋದಿಂದ ಮೊದಲ ಟ್ರಾಮ್ ಹೊರಟಿತು.
ಅವಳು ಬರೆದಳು: "ಗುಂಡಿಯನ್ನೂ ಎಣಿಸೋಣ.
ಹೆಸರು ಬೇಡ, ಒಂದು ಅಂಕಿ ಸಾಕು."
ಕಳುಹಿಸಿದಳು.

ಪ್ರಸ್ತಾವದ ಸ್ಥಿತಿ: ಬಾಕಿ.