ನೆನೆಯತಕ್ಕದ್ದು

ಒಟಾವಾದಲ್ಲಿ ಫೆಬ್ರವರಿ. ಕಾಲುವೆ ಕಲ್ಲಾಗಿದೆ,
ಗುಮಾಸ್ತರು ಅದರ ಮೇಲೆ ಜಾರಿಕೊಂಡೇ ಕಚೇರಿಗೆ ಬರುತ್ತಾರೆ.
ನಾನು ಕರಡು ಬರೆಯುವವನು. ಇಪ್ಪತ್ತೆರಡು ವರ್ಷದಿಂದ
ಬೇರೆಯವರ ಆಸೆಗೆ ಕಲಮು, ಉಪಕಲಮು ಹಾಕಿಕೊಡುತ್ತೇನೆ.

ಓಡಿಲ್ ತೆರಿಯೊ ಬಂದಳು, ಕೊನೆಯ ಸಾಲಿನ ಸದಸ್ಯೆ.
ಬೂಟಿನ ಹಿಮ ನನ್ನ ಜಮಖಾನದ ಮೇಲೆ ಕರಗಿತು.
ಚೀಟಿ ಎತ್ತಿದ ದಿನ ಅವಳ ಹೆಸರಿಗೆ ಬಿದ್ದದ್ದು ನೂರಾ ಎಂಬತ್ತೇಳು;
ಮೂರು ವರ್ಷ ಕಾದಿದ್ದಾಳೆ,
ನಡುವೆ ಚುನಾವಣೆ ಬಂದಿದ್ದರೆ ಸರದಿಯೂ ಸೊನ್ನೆ.

ಕೈಯಲ್ಲೊಂದು ಗೆರೆಹಾಳೆ. ಒಂದೇ ವಾಕ್ಯ:
“ದೋಣಿ ಹತ್ತುವ ಪ್ರತಿ ಕೂಲಿಗೂ ಸರ್ಕಾರ
ತಣ್ಣೀರು ತಡೆಯುವ ಉಡುಪು ಕೊಡತಕ್ಕದ್ದು.”
ಅವಳ ಊರಲ್ಲಿ ಲಾಬ್‌ಸ್ಟರ್ ಹಿಡಿಯುತ್ತಾರೆ.
ಹೋದ ಮೇ ತಿಂಗಳು ಜೆರ್ವೆ ಎಂಬ ಹತ್ತೊಂಬತ್ತರ ಹುಡುಗ
ಬೋನಿನ ಹಗ್ಗಕ್ಕೆ ಕಾಲು ಸಿಕ್ಕಿ ನೀರಿಗೆ ಹೋದ.
ಎತ್ತಿದಾಗ ಮೈಮೇಲೆ ಅಜ್ಜಿ ಹೆಣೆದ ಸ್ವೆಟರು.
“ಉಣ್ಣೆ ನೆನೆದರೆ ಬಹಳ ತೂಕ” ಅಂದಳು ಓಡಿಲ್.
ಅಷ್ಟೇ ಅಂದಳು.

ದುಡ್ಡು ಯಾರದು, ಕೇಳಿದೆ.
(ಕೇಳಲೇಬೇಕು. ನನಗೆ ಸಂಬಳ ಕೊಡುವುದೇ ಅದಕ್ಕೆ.)
ಬೊಕ್ಕಸದ ಬಾಗಿಲಿಗೆ ಮಂತ್ರಿ ಮಾತ್ರ ಕೈ ಹಚ್ಚಬಹುದು;
ದೊರೆಯ ಶಿಫಾರಸಿಲ್ಲದ ಮಸೂದೆ
ಆ ಉಡುಪಿನ ಒಂದು ಗುಂಡಿಯ ಖರ್ಚನ್ನೂ ಹೇರುವಂತಿಲ್ಲ.
ಮಾತಾಡಬಹುದು, ಎಷ್ಟು ಬೇಕಾದರೂ ಹೊಗಳಬಹುದು,
ಕೊನೆಯ ಮತಕ್ಕೆ ಮಾತ್ರ ಸಭಾಧ್ಯಕ್ಷರು ಬಾಯಿ ತೆರೆಯುವುದಿಲ್ಲ.
“ಮಂತ್ರಿಯನ್ನೇ ಕೇಳುತ್ತೇನೆ” ಎಂದು ಹೋದಳು.
ಬಹಳ ಮರ್ಯಾದೆಯಿಂದ ಕಾಫಿ ಕೊಟ್ಟರಂತೆ.

ಆಮೇಲೆ ಇಬ್ಬರೂ ಕ್ರಿಯಾಪದದ ಮುಂದೆ ಕೂತೆವು.
ಕೊಡತಕ್ಕದ್ದು: ಹೊಡೆದುಹಾಕಿದೆ.
ಕೊಡಬಹುದು: ಅದಕ್ಕೂ ದುಡ್ಡಿನ ವಾಸನೆ.
ಕೊಡುವ ಬಗ್ಗೆ ಸಮಿತಿಯೊಂದು ಯೋಚಿಸತಕ್ಕದ್ದು:
ಸಮಿತಿಗೆ ಭತ್ಯೆ ಬೇಡವೆ, ಪ್ರಯಾಣದ ಖರ್ಚು ಬೇಡವೆ?
ಸಂಜೆ ನಾಲ್ಕಕ್ಕೇ ಕತ್ತಲು. ದೀಪ ಹಾಕಿದೆ.
ಅವಳು ಕಿಟಕಿಯಾಚೆ ನೋಡುತ್ತ ಏನನ್ನೋ ಎಣಿಸುತ್ತಿದ್ದಳು,
ಹೆಸರುಗಳಿರಬೇಕು.

ನೆನೆಯತಕ್ಕದ್ದು, ಎಂದು ಬರೆದೆ.
ಪೆನ್ನು ಅಲ್ಲಿ ತಡೆಯಲಿಲ್ಲ.
ನೆನೆಯುವುದಕ್ಕೆ ಕಾಸು ಬೇಡ.
ಮೇ ತಿಂಗಳ ಎರಡನೆಯ ಸೋಮವಾರ, ದೇಶದಾದ್ಯಂತ,
ಕಡಲಿಗೆ ಹೋಗಿ ಬಾರದವರನ್ನು.
ರಜೆ ಎಂದರೆ ಅದೂ ಖರ್ಚು; ಆದ್ದರಿಂದ
“ಇದು ಸಾರ್ವಜನಿಕ ರಜಾದಿನವಲ್ಲ” ಎಂಬ ಉಪಕಲಮು ನಾನೇ ಸೇರಿಸಿದೆ.

ಎರಡು ಗಂಟೆಯ ಚರ್ಚೆ. ಎದುರು ಪಕ್ಷದವರ ಕಣ್ಣಲ್ಲೂ ನೀರು.
ಮಂತ್ರಿ ಎಲ್ಲರಿಗಿಂತ ಮೊದಲು ಎದ್ದು ನಿಂತು ಚಪ್ಪಾಳೆ ತಟ್ಟಿದರು.
ವಿರೋಧ: ಒಂದೂ ಇಲ್ಲ.
ಮೇಲಿನ ಗ್ಯಾಲರಿಯಲ್ಲಿ ಜೆರ್ವೆಯ ಅಜ್ಜಿ,
ಇಂಗ್ಲಿಷು ಅಷ್ಟಾಗಿ ಬಾರದವಳು,
“ಯಾವಾಗ ಕೊಡುತ್ತಾರೆ?” ಎಂದು ಪಕ್ಕದವರನ್ನು ಕೇಳಿದಳಂತೆ.

ಸೆನೆಟ್ಟೂ ದಾಟಿತು. ಮೊದಲ ಮೇ ಬಂತು.
ಓಡಿಲ್ ಧಕ್ಕೆಯಿಂದ ಫೋನ್ ಮಾಡಿದಳು, ಗಾಳಿಯ ಸದ್ದು,
ಬೋನು ಪೇರಿಸುವ ಸದ್ದು.
“ಬೆಳಗಿನಿಂದ ಮಳೆ. ಹುಡುಗರೆಲ್ಲ ನೆನೆಯುತ್ತಿದ್ದಾರೆ.”

ಕಾಯಿದೆಯ ಪ್ರತಿ ಮೇಜಿನ ಮೇಲೇ ಇತ್ತು.
ಓದಿ ನೋಡಿದೆ.
ಎಲ್ಲೂ ಉಲ್ಲಂಘನೆಯಾಗಿರಲಿಲ್ಲ.